ಗ್ವಾಡಲೂಪ್ ಪೀಕ್: ನವೆಂಬರ್ ಕೊನೇ ವಾರ ಅಪ್ಪ-ಅಮ್ಮನ ಜತೆ ಹೋಗಬಹುದಾ? ನೀರು, ಗಾಳಿ, ಸಮಯದ ಲೆಕ್ಕ ಬೇಕು

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಡಲ್ಲಾಸ್‌ನಿಂದ ಪಶ್ಚಿಮ ಟೆಕ್ಸಾಸ್‌ಗೆ ಹೋಗಿ ಗ್ವಾಡಲೂಪ್ ಪೀಕ್ ಹತ್ತಬೇಕು ಅಂತಿದೀವಿ. ನಾವಿಬ್ಬರು, 11 ವರ್ಷದ ಮಗ, ಊರಿಂದ ಬಂದಿರುವ ಅಪ್ಪ (64), ಅಮ್ಮ (60), ಒಟ್ಟು ಐದು ಜನ. ಅಪ್ಪ ದಿನಾ ಐದಾರು ಕಿಲೋಮೀಟರ್ ನಡೀತಾರೆ, ಬಿಪಿ ಮಾತ್ರೆ ತಗೋತಾರೆ. ಅಮ್ಮನಿಗೆ ಮಂಡಿನೋವು. ನಮಗಿಬ್ಬರಿಗೆ ಕುಮಾರ ಪರ್ವತ, ಕೊಡಚಾದ್ರಿ ಹತ್ತಿ ಅಭ್ಯಾಸ ಇದೆ. ಮರುಭೂಮಿಯ ಬೆಟ್ಟ ಮಾತ್ರ ಹೊಸದು.

ಕುಮಾರ ಪರ್ವತಕ್ಕೆ ಹೋಲಿಸಿದರೆ ಇದು ಎಷ್ಟು ಕಷ್ಟ? ಒಬ್ಬರಿಗೆ ಎಷ್ಟು ನೀರು ಹೊರಬೇಕು? ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರು ಮಾಡಬೇಕು? ಅಪ್ಪನನ್ನು ಕರೆದುಕೊಂಡು ಹೋಗಬಹುದಾ? ಚಳಿಗಾಲ ಆದ್ದರಿಂದ ಬಿಸಿಲಿನ ಚಿಂತೆ ಇಲ್ಲ ಅಂದುಕೊಂಡಿದೀನಿ, ತಪ್ಪಿದ್ದರೆ ತಿದ್ದಿ.

ಒಣಗಾಳಿ (ಉತ್ತರ 1)

ಮೊದಲು ಅಂಕಿ ಹೇಳಿಬಿಡ್ತೀನಿ. ಶಿಖರದ ಎತ್ತರ 8,751 ಅಡಿ, ಅಂದರೆ 2,667 ಮೀಟರ್. ಟೆಕ್ಸಾಸ್‌ನಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಹೋಗಿ ಬರೋದು 8.4 ಮೈಲಿ, ಸುಮಾರು ಹದಿಮೂರೂವರೆ ಕಿಲೋಮೀಟರ್. ಏರು 3,000 ಅಡಿ. ಈ ಬೆಟ್ಟ ಇರುವ ಗ್ವಾಡಲೂಪ್ ಮೌಂಟನ್ಸ್ ನ್ಯಾಷನಲ್ ಪಾರ್ಕಿನವರು ಹೇಳೋದು ಆರರಿಂದ ಎಂಟು ಗಂಟೆ. ಮಗ ಮತ್ತು ಅಪ್ಪ ಜತೆಗಿದ್ದರೆ ಎಂಟು ಗಂಟೆಯನ್ನೇ ಲೆಕ್ಕಕ್ಕೆ ಹಿಡೀರಿ.

ಬರೀ ಏರು ನೋಡಿದರೆ ಕುಕ್ಕೆಯಿಂದ ಹತ್ತುವ ಕುಮಾರ ಪರ್ವತವೇ ದೊಡ್ಡದು. ಆದರೆ ಅಲ್ಲಿ ಅರ್ಧ ದಾರಿ ಕಾಡಿನ ನೆರಳು, ನಡುವೆ ಗಿರಿಗದ್ದೆಯಲ್ಲಿ ಊಟ, ನೀರು. ಇಲ್ಲಿ ದಾರಿಯಲ್ಲಿ ಒಂದು ಹನಿ ನೀರಿಲ್ಲ. ಇನ್ನೊಂದು ವ್ಯತ್ಯಾಸ, ಕುಮಾರ ಪರ್ವತದ ತುದಿಯೇ 1,712 ಮೀಟರ್. ಇಲ್ಲಿ ಕಾರು ನಿಲ್ಲಿಸುವ ಪೈನ್ ಸ್ಪ್ರಿಂಗ್ಸ್ ಅದಕ್ಕಿಂತ ಮೇಲಿದೆ, ಸುಮಾರು 1,775 ಮೀಟರ್. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲುಭಾಗದಷ್ಟು ಕಡಿಮೆ. ಡಲ್ಲಾಸ್‌ನಿಂದ ನೇರ ಬಂದು ಮಾರನೇ ದಿನವೇ ಹತ್ತಿದರೆ ಕೆಲವರಿಗೆ ತಲೆನೋವು, ಬೇಗ ಏದುಸಿರು ಬರುತ್ತೆ. ಒಂದು ರಾತ್ರಿ ಪೈನ್ ಸ್ಪ್ರಿಂಗ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲೇ ಮಲಗಿದರೆ ಮೈ ಸ್ವಲ್ಪ ಒಗ್ಗುತ್ತೆ, ಬೆಳಿಗ್ಗೆ ಪಾರ್ಕಿಂಗ್ ಜಾಗಕ್ಕೆ ಪೈಪೋಟಿಯೂ ಇರಲ್ಲ. ಥ್ಯಾಂಕ್ಸ್‌ಗಿವಿಂಗ್ ವಾರ ಆ ಪಾರ್ಕಿಂಗ್ ಬೆಳಗಾಗುತ್ತಿದ್ದಂತೆ ತುಂಬುತ್ತೆ. ಕ್ಯಾಂಪ್ ಜಾಗ ಆನ್‌ಲೈನಲ್ಲಿ ಮುಂಚೆಯೇ ಕಾದಿರಿಸಬೇಕು.

ದಾರಿ ಹೇಗಿದೆ ಅಂದರೆ, ಮೊದಲ ಒಂದೂವರೆ ಮೈಲಿಯೇ ಅತಿ ಕಡಿದು. ಹಾವಿನಂತೆ ಸುತ್ತಿ ಸುತ್ತಿ ಹತ್ತುತ್ತೆ, ನೆರಳಿಲ್ಲ, ಬೆಳಗಿನ ಬಿಸಿಲು ನೇರ ಮೈಮೇಲೆ. ಕಾಲಿಗೆ ಸಿಗೋದು ಸುಣ್ಣಕಲ್ಲಿನ ದಪ್ಪ ಚೂರು, ಮೆಟ್ಟಿಲಿನಂತೆ ಇಟ್ಟ ಬಂಡೆ. ತುಂಬಾ ಜನ ಇಲ್ಲೇ ಉಸಿರು ಕಟ್ಟಿಸಿಕೊಂಡು "ಇನ್ನೂ ಮೂರು ಮೈಲಿ ಹೀಗೇ ಇರುತ್ತಾ" ಅಂತ ವಾಪಸ್ ಹೋಗ್ತಾರೆ. ಹಾಗಿರಲ್ಲ. ಒಂದು ಬಂಡೆಯ ಮೂಲೆ ತಿರುಗುತ್ತೆ, ಅಲ್ಲಿ ಒಂದು ಪಕ್ಕ ಪ್ರಪಾತ. ದಾರಿ ಸಾಕಷ್ಟು ಅಗಲ ಇದೆ, ಆದರೂ ಮಗುವನ್ನು ಒಳಪಕ್ಕ ನಡೆಸಿ. ಆ ಮೂಲೆ ದಾಟಿದ ಮೇಲೆ ಬೆಟ್ಟದ ಉತ್ತರದ ಮಗ್ಗುಲು, ಪೈನ್ ಮರ, ಡಗ್ಲಸ್ ಫರ್, ನೆರಳು, ಏರು ಹದ. ಇಲ್ಲಿ ಕಳೆದ ಸಮಯ ಒಂದಿಷ್ಟು ವಾಪಸ್ ಸಿಗುತ್ತೆ.

ಸುಮಾರು ಮೂರು ಮೈಲಿ ಹತ್ತಿರ ಒಂದು ಸುಳ್ಳು ಶಿಖರ ಬರುತ್ತೆ. ಕೆಳಗಿನಿಂದ ಅದೇ ತುದಿ ಅನ್ನಿಸುತ್ತೆ. ಅದರ ಹತ್ತಿರವೇ ಮೇಲಿನ ಕ್ಯಾಂಪ್ ಜಾಗಕ್ಕೆ ಕವಲು ಹೋಗುತ್ತೆ, ಅಲ್ಲಿಂದ ನಿಜವಾದ ತುದಿಗೆ ಇನ್ನೂ ಒಂದು ಮೈಲಿ. ಮಗನಿಗೆ ಇದನ್ನು ಮೊದಲೇ ಹೇಳಿಡಿ. ಮುಗೀತು ಅಂದುಕೊಂಡಾಗ ಮುಗಿಯದಿದ್ದರೆ ಮಕ್ಕಳು ಕುಸಿದು ಕೂತುಬಿಡ್ತಾರೆ. ದಾರಿ ಸ್ವಲ್ಪ ಇಳಿದು, ಒಂದು ಮರದ ಸೇತುವೆ ದಾಟಿ, ಬೋಳು ಬಂಡೆಯ ಮೇಲೆ ಕೊನೆಯ ಸುತ್ತುಗಳನ್ನು ಹತ್ತುತ್ತೆ. ಎಲ್ಲೂ ಹಗ್ಗ ಹಿಡಿದು ಹತ್ತುವ ಪ್ರಮೇಯ ಇಲ್ಲ.

ಸಮಯದ ಲೆಕ್ಕಕ್ಕೆ ಬರ್ತೀನಿ. ನವೆಂಬರ್ ಕೊನೆಗೆ ಅಲ್ಲಿ ಆರೂವರೆ ದಾಟಿದ ಮೇಲೆ ಸೂರ್ಯೋದಯ, ಐದಕ್ಕೆಲ್ಲ ಸೂರ್ಯಾಸ್ತ. ಇಳಿಯೋಕೆ ನಿಮ್ಮ ತಂಡಕ್ಕೆ ಮೂರು ಗಂಟೆ ಬೇಕು. ಅದರ ಮೇಲೆ ಒಂದೂವರೆ ಗಂಟೆ ಉಳಿಕೆ ಇಟ್ಟುಕೊಂಡರೆ, ಮಧ್ಯಾಹ್ನ 12:30ಕ್ಕೆ ಎಲ್ಲಿದ್ದರೂ ಹಿಂದೆ ತಿರುಗಬೇಕು. ತುದಿ ಹತ್ತೇ ನಿಮಿಷ ಇದ್ದರೂ ಸರಿ. 6:45ಕ್ಕೆ ಹೆಜ್ಜೆ ಇಟ್ಟರೆ 11ರ ಸುಮಾರಿಗೆ ತುದಿಯಲ್ಲಿರ್ತೀರಿ, ಈ ನಿಯಮ ಬಳಸುವ ಸಂದರ್ಭವೇ ಬರಲ್ಲ. ಒಂದು ಎಚ್ಚರ: ಪಾರ್ಕ್ ನಡೆಯೋದು ಮೌಂಟನ್ ಸಮಯದಲ್ಲಿ, ಡಲ್ಲಾಸ್‌ಗಿಂತ ಒಂದು ಗಂಟೆ ಹಿಂದೆ. ಆದರೆ ಪಾರ್ಕಿನ ಆ ಭಾಗ ಇರುವ ಕಲ್ಬರ್‌ಸನ್ ಕೌಂಟಿ ಕಾಗದದ ಮೇಲೆ ಸೆಂಟ್ರಲ್ ಸಮಯದಲ್ಲಿದೆ (ಡಲ್ಲಾಸ್‌ನದೇ ಸಮಯ), ಹಾಗಾಗಿ ಫೋನು ಒಮ್ಮೆ ಹಾಗೆ ಒಮ್ಮೆ ಹೀಗೆ ತೋರಿಸುತ್ತೆ. ಗುಂಪಿನಲ್ಲಿ ಒಬ್ಬರ ಕೈಗಡಿಯಾರವನ್ನು ಮೌಂಟನ್ ಸಮಯಕ್ಕೆ ಹೊಂದಿಸಿ, ಎಲ್ಲರೂ ಅದನ್ನೇ ಅನುಸರಿಸಿ.

ನೀರು ಆ ಚಳಿಗೆ ದೊಡ್ಡವರಿಗೆ ಮೂರು ಲೀಟರ್, ಮಗನಿಗೆ ಎರಡು.

ಕೆಮ್ಮಣ್ಣುಗುಡ್ಡ (ಉತ್ತರ 2)

ಮೇಲಿನ ಉತ್ತರದಲ್ಲಿ ಗಾಳಿಯ ಮಾತು ಬಂದಿಲ್ಲ. ನವೆಂಬರ್‌ನಿಂದ ಮೇವರೆಗೆ ಈ ಬೆಟ್ಟದಲ್ಲಿ ಹತ್ತೋದಾ ಬೇಡವಾ ಅನ್ನೋದನ್ನು ತೀರ್ಮಾನಿಸೋದೇ ಗಾಳಿ.

ಕಾರಣ ಸರಳ. ಪಶ್ಚಿಮದ ಬಯಲು, ಉಪ್ಪಿನ ಹರವು ದಾಟಿ ಅಡೆತಡೆ ಇಲ್ಲದೆ ಬರುವ ಗಾಳಿಗೆ ಮೊದಲು ಎದುರಾಗೋದೇ ಈ ಬೆಟ್ಟಸಾಲು. ಗ್ವಾಡಲೂಪ್ ಪಾಸ್ ಅನ್ನೋ ಕಣಿವೆಯ ಬಾಯಲ್ಲಿ ಅದು ಇಕ್ಕಟ್ಟಾಗಿ ನುಗ್ಗುತ್ತೆ, ನುಗ್ಗಿದಷ್ಟೂ ವೇಗ ಹೆಚ್ಚು. ಚಳಿಗಾಲ, ವಸಂತದಲ್ಲಿ ಗಂಟೆಗೆ 80 ಮೈಲಿ ಮೀರಿದ ಬೀಸು ಇಲ್ಲಿ ಅಪರೂಪವಲ್ಲ. ಟೆಂಟಿನ ಕಂಬ ಮುರಿಯೋದು, ಕಾರಿನ ಬಾಗಿಲು ಕೈತಪ್ಪಿ ಹಿಂದಕ್ಕೆ ಬಡಿದು ಕೀಲು ಬಾಗೋದು ಎರಡೂ ಆಗ್ತಿರುತ್ತೆ. ಅದಕ್ಕೇ ಪಾರ್ಕಿಂಗ್‌ನಲ್ಲಿ ಕಾರಿನ ಮೂತಿ ಗಾಳಿ ಬರುವ ದಿಕ್ಕಿಗೆ ಇರುವಂತೆ ನಿಲ್ಲಿಸಿ, ಬಾಗಿಲನ್ನು ಕೈಯಲ್ಲಿ ಹಿಡಿದೇ ತೆಗೀರಿ.

ಮುನ್ಸೂಚನೆ ನೋಡುವಾಗ ಊರಿನ ಹೆಸರು ಹಾಕಿ ಹುಡುಕಬೇಡಿ. ಕಾರ್ಲ್ಸ್‌ಬಾಡ್‌ನಲ್ಲಿ ಎಲೆ ಅಲುಗದ ದಿನ ಇಲ್ಲಿ ನಿಲ್ಲೋಕಾಗದಷ್ಟು ಬೀಸುತ್ತೆ. ನ್ಯಾಷನಲ್ ವೆದರ್ ಸರ್ವಿಸ್ ತಾಣದ ನಕ್ಷೆಯಲ್ಲಿ ಶಿಖರದ ಜಾಗವನ್ನೇ ಒತ್ತಿ, ಆ ಬಿಂದುವಿನ ಗಂಟೆಗಂಟೆಯ ಗಾಳಿ ಮತ್ತು ಬೀಸಿನ ಅಂಕಿ ನೋಡಿ. ಈ ಪ್ರದೇಶದ ಎಚ್ಚರಿಕೆ ಕೊಡೋದು ಅವರ ಮಿಡ್‌ಲ್ಯಾಂಡ್ ಕಚೇರಿ. "ಹೈ ವಿಂಡ್ ವಾರ್ನಿಂಗ್" ಇದ್ದರೆ ಆ ದಿನ ಬೆಟ್ಟ ಬಿಡಿ. ವಾರ್ನಿಂಗ್ ಇಲ್ಲದಿದ್ದರೂ ಬೀಸು 40 ಮೈಲಿ ದಾಟಿದರೆ ನಡಿಗೆ ತೂರಾಡುತ್ತೆ. ಮಗು ಮತ್ತು ಹಿರಿಯರು ಇರುವಾಗ ನಾನು 35ಕ್ಕೇ ಗೆರೆ ಎಳೀತೀನಿ.

ಗಾಳಿ ಎಲ್ಲ ಕಡೆ ಒಂದೇ ಸಮ ಇರಲ್ಲ. ಹೊರಡುವ ಜಾಗ ಬೆಟ್ಟದ ಮರೆಯಲ್ಲಿದೆ, ಅಲ್ಲಿ ಮೋಸ ಹೋಗ್ತೀರಿ. ಒಂದೂವರೆ ಮೈಲಿಯ ಆ ಬಂಡೆ ಮೂಲೆ, ಆಮೇಲೆ ಸೇತುವೆಯ ಸುತ್ತ, ಕೊನೆಯ ಬೋಳು ಸುತ್ತುಗಳು, ಈ ಮೂರು ಕಡೆ ಪೂರ್ತಿ ಹೊಡೆತ. ಮೂಲೆ ತಿರುಗಿದ ಕೂಡಲೇ ನಿಂತ ನೆಲದಲ್ಲಿ ಪಾದ ಜರುಗಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಮೇಲೆ ಹೋದಂತೆ ಅದು ಹೆಚ್ಚುತ್ತೆ.

ಚಳಿಯನ್ನು ಅಳೆಯೋದು ಥರ್ಮಾಮೀಟರ್ ಅಂಕಿಯಿಂದ ಅಲ್ಲ. 3,000 ಅಡಿ ಮೇಲೇರಿದರೆ 10ರಿಂದ 15 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತೆ. ತುದಿಯಲ್ಲಿ 40 ಡಿಗ್ರಿ ಇದ್ದು 30 ಮೈಲಿ ಗಾಳಿ ಬೀಸಿದರೆ ಮೈಗೆ ತಾಗೋದು 28 ಡಿಗ್ರಿ, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ. ಬೆವರಿಗೆ ಒದ್ದೆಯಾದ ಹತ್ತಿ ಬನಿಯನ್ ಮೇಲೆ ಆ ಗಾಳಿ ಹೊಡೆದರೆ ಹತ್ತೇ ನಿಮಿಷದಲ್ಲಿ ನಡುಕ. ಒಳಗೆ ಬೇಗ ಒಣಗುವ ಸಿಂಥೆಟಿಕ್ ಅಥವಾ ಮೆರಿನೊ ಉಣ್ಣೆ, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಹತ್ತುವಾಗ ಫ್ಲೀಸ್ ಬ್ಯಾಗಿನಲ್ಲಿರಲಿ, ಬಂಡೆ ಮೂಲೆಗೆ ಮುಂಚೆ ನಿಂತು ಜಾಕೆಟ್ ಹಾಕಿ. ಮೂಲೆ ತಿರುಗಿದ ಮೇಲೆ ಹಾಕೋಕೆ ಹೋದರೆ ಕೈತಪ್ಪಿ ಹಾರಿಹೋಗುತ್ತೆ. ಟೋಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಬೇಕು. ಅಪ್ಪನಿಗೆ ಊರಿನ ಮಂಕಿಕ್ಯಾಪ್ ಇದ್ದರೆ ಇದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಸಿಗಲ್ಲ.

ನೆರಳಿರುವ ಉತ್ತರದ ಮಗ್ಗುಲಲ್ಲಿ, ಮುಂಚಿನ ವಾರ ಹಿಮ ಬಿದ್ದಿದ್ದರೆ ಅದು ಕಲ್ಲಿನ ಮೇಲೆ ಗಾಜಿನಂತೆ ಗಟ್ಟಿಯಾಗಿರುತ್ತೆ. ಹೊರಡುವ ಹಿಂದಿನ ದಿನ ವಿಸಿಟರ್ ಸೆಂಟರ್‌ನಲ್ಲಿ ರೇಂಜರನ್ನು ಕೇಳಿ. ಮಂಜುಗಡ್ಡೆ ಇದೆ ಅಂದರೆ ಬೂಟಿನ ಕೆಳಗೆ ಹಾಕುವ ಮೈಕ್ರೋಸ್ಪೈಕ್ ಇಲ್ಲದೆ ಆ ಭಾಗಕ್ಕೆ ಕಾಲಿಡಬೇಡಿ.

ಶರಾವತಿ_ಕಣಿವೆ (ಉತ್ತರ 3)

ನೀರಿನ ವಿಷಯದಲ್ಲಿ ಉತ್ತರ 1ರ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಪಾರ್ಕಿನ ಸಲಹೆಯೇ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಚಳಿ ಇದೆ ಅಂತ ಕಡಿಮೆ ಮಾಡೋದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮಲೆನಾಡಿನಲ್ಲಿ ಬೆವರು ಧಾರೆಯಾಗಿ ಇಳಿಯುತ್ತೆ, ಅಂಗಿ ಹಿಂಡಬಹುದು, ನೀರು ಹೋಗ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಇಲ್ಲಿ ಚಿಹುವಾಹುವಾ ಮರುಭೂಮಿಯ ಒಣಹವೆಗೆ ಬೆವರು ಚರ್ಮದ ಮೇಲೆ ನಿಲ್ಲೋದೇ ಇಲ್ಲ, ಬಂದ ಹಾಗೇ ಆರುತ್ತೆ. ಏದುಸಿರಿನಲ್ಲೂ ನೀರು ಹೋಗುತ್ತೆ. ಅಂಗಿ ಒಣಗಿಯೇ ಇರುತ್ತೆ, ಬ್ಯಾಗಿನ ಪಟ್ಟಿಯ ಕೆಳಗೆ ಬಿಳೀ ಉಪ್ಪಿನ ಗೆರೆ ಮಾತ್ರ ಕಾಣುತ್ತೆ. ಬಾಯಾರಿಕೆ ಚಳಿಯಲ್ಲಿ ತಡವಾಗಿ ಗೊತ್ತಾಗುತ್ತೆ.

ಹಾಗಾಗಿ ದೊಡ್ಡವರಿಗೆ ನಾಲ್ಕು ಲೀಟರ್, ಮಗನಿಗೆ ಎರಡೂವರೆ. ನಾಲ್ಕು ಲೀಟರ್ ಅಂದರೆ ನಾಲ್ಕು ಕೆಜಿ, ಹೌದು, ಭಾರ. ಮಗನ ಬೆನ್ನಿಗೆ ಒಂದೂವರೆ ಲೀಟರ್ ಮೀರಿ ಹಾಕಬೇಡಿ, ಉಳಿದದ್ದನ್ನು ನೀವಿಬ್ಬರು ಹಂಚಿಕೊಳ್ಳಿ. ನಳಿಕೆ ಇರುವ ನೀರಿನ ಚೀಲ ಒಳ್ಳೇದು, ನಿಲ್ಲದೆ ಕುಡೀಬಹುದು. ಆದರೆ ಅದರಲ್ಲಿ ಎಷ್ಟು ಉಳಿದಿದೆ ಅಂತ ಕಾಣಲ್ಲ, ನಳಿಕೆ ಸೋರಿದರೆ ಎಲ್ಲವೂ ಖಾಲಿ. ಎರಡು ಲೀಟರ್ ಚೀಲದಲ್ಲಿ, ಎರಡು ಲೀಟರ್ ಬಾಟಲಿಗಳಲ್ಲಿ ಇಡಿ. ಅರ್ಧ ನೀರು ಮುಗಿದಾಗ ನೀವಿನ್ನೂ ಹತ್ತುತ್ತಲೇ ಇದ್ದರೆ ಅದೂ ತಿರುಗುವ ಸೂಚನೆಯೇ, ಗಡಿಯಾರ ಏನೇ ಹೇಳಲಿ.

ಬರೀ ನೀರು ಸಾಲದು, ಉಪ್ಪೂ ಬೇಕು. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತೆ. ತಲೆನೋವು, ವಾಕರಿಕೆ, ಗೊಂದಲ ಬರುತ್ತೆ, ನೋಡಿದವರು ನೀರು ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ಕುಡಿಸ್ತಾರೆ, ಪರಿಸ್ಥಿತಿ ಕೆಡುತ್ತೆ. ನಾಲ್ಕರಲ್ಲಿ ಒಂದು ಲೀಟರ್ ಓಆರ್‌ಎಸ್ ಇರಲಿ. ಅಪ್ಪ-ಅಮ್ಮ ಎಲೆಕ್ಟ್ರಾಲ್ ತಂದಿದ್ದರೆ ದೊಡ್ಡ ಪ್ಯಾಕೆಟ್ ಒಂದನ್ನು ಪೂರ್ತಿ ಒಂದು ಲೀಟರಿಗೆ ಕಲಸಿ. ಅರ್ಧ ಲೀಟರ್ ಬಾಟಲಿಗೆ ಇಡೀ ಪ್ಯಾಕೆಟ್ ಸುರಿದರೆ ಉಪ್ಪು ಅತಿಯಾಗುತ್ತೆ. ಮನೆಯಲ್ಲೇ ಮಾಡೋದಾದರೆ ಲೀಟರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ರುಚಿಗೆ ನಿಂಬೆಹಣ್ಣು. ಜತೆಗೆ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಕಡಲೆಕಾಯಿ ಚಿಕ್ಕಿ, ಹುರಿಗಡಲೆ-ಬೆಲ್ಲ, ಕೋಡುಬಳೆ ಎಲ್ಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಮಧ್ಯಾಹ್ನಕ್ಕೆ ಪಲ್ಯ ಸುತ್ತಿದ ಚಪಾತಿ ಅಥವಾ ಪುಳಿಯೋಗರೆ. ಒಣ ತಿಂಡಿ ಮಾತ್ರ ಒಯ್ದರೆ ಬಾಯಿ ಒಣಗಿ ನುಂಗೋಕಾಗಲ್ಲ, ಕಿತ್ತಳೆಯೋ ದ್ರಾಕ್ಷಿಯೋ ಇರಲಿ.

ಅಪ್ಪನ ಮಾತ್ರೆ ಯಾವುದು ಅಂತ ನೋಡಿ. ಊರಿನ ಬಿಪಿ ಮಾತ್ರೆಗಳಲ್ಲಿ ಹೆಸರಿನ ಕೊನೆಗೆ "ಎಚ್" ಅಂತ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತೆ, ಮೂತ್ರ ಹೆಚ್ಚಿಸುವ ಔಷಧ. ನೀರು, ಉಪ್ಪು ಎರಡನ್ನೂ ಅದು ಹೊರಗೆ ಕಳಿಸುತ್ತೆ, ಬೆಟ್ಟವೂ ಅದನ್ನೇ ಮಾಡುತ್ತೆ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ್ದಾದರೆ ಎದೆಬಡಿತ ಒಂದು ಮಟ್ಟದ ಮೇಲೆ ಏರೋಕೆ ಬಿಡಲ್ಲ, ಏರುದಾರಿಯಲ್ಲಿ ಬೇಗ ದಣಿವು ಬರುತ್ತೆ. ಬಿಪಿ ಇರೋರಿಗೆ ಓಆರ್‌ಎಸ್‌ನ ಉಪ್ಪು ಎಷ್ಟು ಅನ್ನೋದೂ ಕೇಳಬೇಕಾದ ಮಾತೇ. ಇವು ಬೆಟ್ಟ ಹತ್ತಬಾರದು ಅನ್ನೋಕೆ ಕಾರಣ ಅಲ್ಲ, ಹೊರಡುವ ಮುಂಚೆ ಅವರ ಡಾಕ್ಟರಿಗೆ ಒಂದು ಫೋನ್ ಮಾಡೋಕೆ ಕಾರಣ. ನಿಮ್ಮಷ್ಟಕ್ಕೆ ಮಾತ್ರೆ ನಿಲ್ಲಿಸಬೇಡಿ.

ಬೆಟ್ಟದಲ್ಲಿ ಅವರ ವೇಗಕ್ಕೆ ಒಂದೇ ಅಳತೆ: ನಡೀತಾ ಒಂದು ಪೂರ್ತಿ ವಾಕ್ಯ ನಿಲ್ಲಿಸದೆ ಹೇಳೋಕಾಗಬೇಕು. ಎರಡು ಪದಕ್ಕೆ ಉಸಿರು ತಗೊಂಡರೆ ವೇಗ ಹೆಚ್ಚಾಯ್ತು. ಅಪ್ಪನೇ ಮುಂದೆ ನಡೀಲಿ, ಉಳಿದವರು ಹಿಂದೆ. ಹಿರಿಯರನ್ನು ಹಿಂದೆ ಬಿಟ್ಟರೆ, ಅವರು ಬಂದು ಸೇರುವ ಹೊತ್ತಿಗೆ ಮುಂದಿನವರ ವಿಶ್ರಾಂತಿ ಮುಗಿದಿರುತ್ತೆ, ಅವರಿಗೆ ಕೂರೋಕೆ ಸಮಯವೇ ಸಿಗಲ್ಲ. ಎದೆ ಬಿಗಿತ, ಎಡತೋಳಿನ ನೋವು, ತಲೆಸುತ್ತು ಯಾವುದು ಬಂದರೂ ಅಲ್ಲಿಗೆ ಹತ್ತೋದು ಮುಗೀತು. ಅಪ್ಪ-ಅಮ್ಮನ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಮೊದಲೇ ಇದ್ದ ಕಾಯಿಲೆಯ ಕಲಂ ಏನಿದೆ ಅಂತ ಓದಿಕೊಂಡು ಹೊರಡಿ.

ಒಣಗಾಳಿ

@ಶರಾವತಿ_ಕಣಿವೆ, ಸರಿ ಮೇಡಂ, ನಾಲ್ಕೇ ಸರಿ. ನಾನು ಹೇಳಿದ ಮೂರು ಲೀಟರ್ ಐದು ಗಂಟೆಯಲ್ಲಿ ಮುಗಿಸುವವರಿಗೆ ಆಗುತ್ತೆ, ಎಂಟು ಗಂಟೆಯ ತಂಡಕ್ಕೆ ಆಗಲ್ಲ. ಪೈನ್ ಸ್ಪ್ರಿಂಗ್ಸ್‌ನಲ್ಲಿ ಕುಡಿಯುವ ನೀರು ಸಿಗುತ್ತೆ. ಬೆಳಿಗ್ಗೆ ಹುಡುಕಾಡದೆ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ.

ತುಂಗಾತೀರ

ತುಂಬಾ ಉಪಕಾರ ಆಯ್ತು. ಅಪ್ಪನ ಮಾತ್ರೆಯಲ್ಲಿ "ಎಚ್" ಇದೆ, ಈ ವಾರವೇ ಊರಿನ ಡಾಕ್ಟರಿಗೆ ಕೇಳ್ತೀವಿ. ಇನ್ನೂ ಮೂರು ಪ್ರಶ್ನೆ. ಓಡೋ ಶೂ ಸಾಕಾ, ಬೂಟೇ ಬೇಕಾ? ಅಮ್ಮ ಹತ್ತಲ್ಲ ಅಂತ ತೀರ್ಮಾನ ಮಾಡಿದ್ದಾರೆ, ಅವರಿಗೆ ಅಲ್ಲಿ ನೋಡೋಕೆ ಏನಿದೆ? ದಾರಿಯಲ್ಲಿ ಟಾಯ್ಲೆಟ್ ವ್ಯವಸ್ಥೆ?

ಕಲ್ಲುಹಾದಿ (ಉತ್ತರ 4)

ಶೂ ಬಗ್ಗೆ: ಒಳ್ಳೆ ಹಲ್ಲಿರುವ ಟ್ರೇಲ್ ಶೂ ಸಾಕು. ರಸ್ತೆಯಲ್ಲಿ ಓಡೋ ಶೂ ಬೇಡ, ಅದರ ಮೆತ್ತನೆ ತಳಕ್ಕೆ ಇಲ್ಲಿನ ಸುಣ್ಣಕಲ್ಲಿನ ಅಂಚು ನೇರ ಪಾದಕ್ಕೆ ಚುಚ್ಚುತ್ತೆ. ನಾಲ್ಕನೇ ಮೈಲಿಗೆ ಅಂಗಾಲು ಉರಿ ಶುರು. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಹೊಸ ಶೂ ಆದರೆ ಮುಂಚೆ ಕನಿಷ್ಠ ಮೂವತ್ತು ಮೈಲಿ ನಡೆದಿರಬೇಕು.

ತೊಂದರೆ ಆಗೋದು ಇಳಿಯುವಾಗ. ಮೂರು ಸಾವಿರ ಅಡಿ ಇಳಿತ, ಪ್ರತಿ ಹೆಜ್ಜೆಗೂ ಪಾದ ಶೂ ಒಳಗೆ ಮುಂದಕ್ಕೆ ಜಾರಿ ಬೆರಳ ತುದಿ ಬಡಿಯುತ್ತೆ, ಉಗುರು ಕಪ್ಪಾಗುತ್ತೆ. ಇದಕ್ಕೆ ಲೇಸ್ ಕಟ್ಟುವ ರೀತಿಯಲ್ಲೇ ಪರಿಹಾರ ಇದೆ. ಶೂನ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಖಾಲಿ ಬಿಡುವ ಒಂದು ತೂತು ಇರುತ್ತಲ್ಲ, ಲೇಸನ್ನು ಅದೇ ಪಕ್ಕದ ಆ ತೂತಿನೊಳಗೆ ಹಾಕಿ ಸಣ್ಣ ಕುಣಿಕೆ ಉಳಿಸಿ. ಇನ್ನೊಂದು ಪಕ್ಕವೂ ಹಾಗೇ. ಈಗ ಎಡದ ತುದಿಯನ್ನು ಬಲ ಕುಣಿಕೆಯಲ್ಲಿ, ಬಲದ ತುದಿಯನ್ನು ಎಡ ಕುಣಿಕೆಯಲ್ಲಿ ತೂರಿಸಿ, ಹಿಮ್ಮಡಿಯನ್ನು ಶೂನ ಹಿಂಭಾಗಕ್ಕೆ ಒತ್ತಿ ಹಿಡಿದು ಎಳೆದು ಕಟ್ಟಿ. ಹಿಮ್ಮಡಿ ಅಲ್ಲೇ ಕೂರುತ್ತೆ, ಬೆರಳು ಮುಂದಕ್ಕೆ ಹೋಗಲ್ಲ. ತುದಿಯಲ್ಲಿ ಇಳಿಯೋಕೆ ಮುಂಚೆ ಎಲ್ಲರೂ ಕೂತು ಹೀಗೆ ಮರುಕಟ್ಟಿ. ಹತ್ತುವಾಗ ಇಷ್ಟು ಬಿಗಿ ಬೇಡ, ಕಣಕಾಲಿನ ಮುಂಭಾಗ ಒತ್ತಿ ನೋಯುತ್ತೆ. ಹಿಂದಿನ ರಾತ್ರಿ ಕಾಲುಗುರು ಕತ್ತರಿಸೋದು ಮರೀಬೇಡಿ.

ಬೊಬ್ಬೆ ಏಳುವ ಮುಂಚೆ ಒಂದು ಬಿಸಿ ಚುಕ್ಕೆ ತಿಳಿಯುತ್ತೆ. ಆಗಲೇ ನಿಂತು, ಸಾಕ್ಸ್ ತೆಗೆದು, ಚರ್ಮ ಒಣಗಿಸಿ, ಮೆಡಿಕಲ್ ಟೇಪ್ ಅಂಟಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಸುರುಳಿ ಬಿಡುತ್ತೆ. "ಮುಂದೆ ನೋಡೋಣ" ಅಂದರೆ ಅರ್ಧ ಗಂಟೆಗೆ ಬೊಬ್ಬೆ.

ಊರುಗೋಲು ಎರಡೂ ಕೈಗೆ ಇರಲಿ, ಅಪ್ಪನಿಗಂತೂ ಬೇಕೇ ಬೇಕು. ಹತ್ತುವಾಗ ಮೊಣಕೈ ಲಂಬಕೋನಕ್ಕೆ ಬರುವ ಉದ್ದ, ಇಳಿಯುವಾಗ ಅದಕ್ಕಿಂತ 5ರಿಂದ 10 ಸೆಂಟಿಮೀಟರ್ ಜಾಸ್ತಿ. ಕೋಲಿನ ತುದಿ ಕಲ್ಲುಗಳ ಸಂದಿಗೆ ಸಿಕ್ಕಿಕೊಂಡರೆ ಎಳೀಬೇಡಿ, ಹಿಂದಕ್ಕೆ ಬಂದು ಬಿಡಿಸಿ. ಬಂಡೆ ಮೂಲೆಯಲ್ಲಿ ಗಾಳಿ ಇದ್ದರೆ ಹೊರಪಕ್ಕದ ಕೋಲನ್ನು ಒಳಕ್ಕೆ ತಂದುಕೊಳ್ಳಿ.

ಪಕ್ಕದ ಗಿಡಕ್ಕೆ ಕೈ ಕೊಡೋದು ಮಲೆನಾಡಿನ ಅಭ್ಯಾಸ. ಇಲ್ಲಿ ಅದು ನಡೆಯಲ್ಲ. ಕತ್ತಾಳೆ ಜಾತಿಯ ಲೆಚುಗಿಯಾ ದಾರಿ ಪಕ್ಕದಲ್ಲೇ ಇರುತ್ತೆ, ಮೊಣಕಾಲಿಗಿಂತ ಕೆಳಗೆ, ಎಲೆಯ ತುದಿ ದಬ್ಬಳದಷ್ಟು ಗಟ್ಟಿ. ಎಡವಿ ಅದರ ಮೇಲೆ ಬಿದ್ದರೆ ಪ್ಯಾಂಟ್ ದಾಟಿ ಒಳಗೆ ಹೋಗುತ್ತೆ. ಪಾಪಾಸುಕಳ್ಳಿಯೂ ಇದೆ. ಚಿಮಟ ಒಂದು ಕಿಟ್‌ನಲ್ಲಿರಲಿ. ಮಗನಿಗೆ ಉದ್ದ ಪ್ಯಾಂಟ್ ಹಾಕಿಸಿ. ಸುತ್ತುದಾರಿಯನ್ನು ಅಡ್ಡಕ್ಕೆ ಕತ್ತರಿಸಿ ಇಳಿಯೋಕೆ ಮಕ್ಕಳಿಗೆ ಆಸೆ. ಅದರಿಂದ ಕಲ್ಲು ಉರುಳಿ ಕೆಳಗಿನ ಸುತ್ತಿನಲ್ಲಿರುವವರ ತಲೆಗೆ ಬರುತ್ತೆ, ಮಳೆಗಾಲದಲ್ಲಿ ಅದೇ ಜಾಡಿನಲ್ಲಿ ನೀರು ಹರಿದು ದಾರಿಯೇ ಕೊಚ್ಚಿ ಹೋಗುತ್ತೆ. ಖಂಡಿತ ಬಿಡಬೇಡಿ.

ಟಾಯ್ಲೆಟ್ ಹೊರಡುವ ಜಾಗದಲ್ಲಿ ಮಾತ್ರ. ನಡುವೆ ಅನಿವಾರ್ಯವಾದರೆ ದಾರಿಯಿಂದ 200 ಅಡಿ ದೂರ ಹೋಗಿ ಆರಿಂಚು ಆಳದ ಗುಂಡಿ ತೋಡಿ ಮುಚ್ಚಬೇಕು, ಪೇಪರನ್ನು ಜಿಪ್ ಚೀಲದಲ್ಲಿ ವಾಪಸ್ ತರಬೇಕು. ಈ ಒಣಹವೆಯಲ್ಲಿ ಪೇಪರ್ ಕರಗಲ್ಲ, ವರ್ಷಗಟ್ಟಲೆ ಕಳ್ಳಿಗೆ ಸಿಕ್ಕಿಕೊಂಡಿರುತ್ತೆ. ಕಡಿದಾದ ಕಲ್ಲುನೆಲದಲ್ಲಿ ಗುಂಡಿ ತೋಡೋಕೆ ಜಾಗ ಸಿಗೋದೂ ಕಷ್ಟ, ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ.

ಮೆಸ್ಕೀಟ್ (ಉತ್ತರ 5)

ಅಮ್ಮನಿಗೆ ನೋಡೋಕೆ ಬೇಕಾದಷ್ಟಿದೆ. ವಿಸಿಟರ್ ಸೆಂಟರ್‌ನಿಂದಲೇ ಪೈನರಿ ಟ್ರೇಲ್ ಅಂತ ಮುಕ್ಕಾಲು ಮೈಲಿಯ ಸಮತಟ್ಟು ದಾರಿ ಇದೆ. ಅದರ ಕೊನೆಯಲ್ಲಿ 1858ರ ಬಟರ್‌ಫೀಲ್ಡ್ ಅಂಚೆ ಬಂಡಿಗಳ ನಿಲ್ದಾಣದ ಪಾಳುಗೋಡೆ ಇದೆ. ಇನ್ನೊಂದು, ಫ್ರಿಹೋಲೆ ರಾಂಚ್‌ನಿಂದ ಮಂಜನೀಟಾ ಸ್ಪ್ರಿಂಗ್‌ಗೆ ಅರ್ಧ ಮೈಲಿಯೂ ಇಲ್ಲ, ನೆಲ ಗಟ್ಟಿ ಮಾಡಿದ ದಾರಿ. ಸುತ್ತ ಮರುಭೂಮಿ, ನಡುವೆ ಒಂದು ಕೊಳ, ಹಕ್ಕಿಗಳು. ಮಂಡಿನೋವು ಇರುವವರಿಗೆ ಇದಕ್ಕಿಂತ ಚೆನ್ನಾದ ಬೆಳಗು ಸಿಗಲ್ಲ. ಮಕಿಟ್ರಿಕ್ ಕ್ಯಾನ್ಯನ್‌ನ ಮೇಪಲ್ ಎಲೆಗಳ ಕೆಂಪು ನವೆಂಬರ್ ಮೊದಲ ಭಾಗದಲ್ಲಿ ಚೆನ್ನ, ನೀವು ಹೋಗುವ ಹೊತ್ತಿಗೆ ಬಹುತೇಕ ಉದುರಿರುತ್ತೆ. ಅಮ್ಮನ ಜತೆ ಒಬ್ಬರು ಇರಲಿ. ಫೋನ್ ಸಿಗ್ನಲ್ ನಂಬಿ "ಕೆಳಗೆ ಬಂದು ಕರೀತೀವಿ" ಅಂದುಕೊಳ್ಳಬೇಡಿ, ಅಲ್ಲಿ ಅದು ಇದ್ದರೆ ಇದೆ. ನಾಲ್ಕು ಗಂಟೆಗೆ ಬರದಿದ್ದರೆ ರೇಂಜರಿಗೆ ಹೇಳು ಅಂತ ಸಮಯ ಬರೆದು ಕೊಟ್ಟು ಹೋಗಿ.

ಡಲ್ಲಾಸ್‌ನಿಂದ ಏಳೂವರೆ, ಎಂಟು ಗಂಟೆಯ ಡ್ರೈವ್. ಪಾರ್ಕಿನೊಳಗೆ ಪೆಟ್ರೋಲ್ ಇಲ್ಲ, ಊಟ ಇಲ್ಲ, ಅಂಗಡಿ ಇಲ್ಲ. ಹತ್ತಿರದ ಬಂಕ್ ನ್ಯೂ ಮೆಕ್ಸಿಕೊದ ವೈಟ್ಸ್ ಸಿಟಿಯಲ್ಲಿ, 35 ಮೈಲಿ ದೂರ. ಅಲ್ಲಿ ಬೆಲೆ ಜಾಸ್ತಿ, ಪೆಕೋಸ್ ಅಥವಾ ಕಾರ್ಲ್ಸ್‌ಬಾಡ್‌ನಲ್ಲೇ ಟ್ಯಾಂಕ್ ತುಂಬಿಸಿ. ಪೆಕೋಸ್‌ನಿಂದ ಮೇಲೆ ಹೋಗುವ ಯುಎಸ್ 285ರಲ್ಲಿ ತೈಲಬಾವಿಗಳ ಲಾರಿ ದಟ್ಟಣೆ ವಿಪರೀತ. ಕತ್ತಲಾದ ಮೇಲೆ ಆ ರಸ್ತೆ ಬೇಡ. ಕ್ಯಾಂಪ್‌ಗ್ರೌಂಡ್‌ನಲ್ಲಿ ಸೌದೆ ಬೆಂಕಿಗೂ ಇದ್ದಿಲಿಗೂ ಅನುಮತಿ ಇಲ್ಲ, ಗ್ಯಾಸ್ ಸ್ಟೌ ಮಾತ್ರ.

ಮುಖ್ಯವಾದ ಇನ್ನೊಂದು ಮಾತು. ಇದು ಗಡಿ ಪ್ರದೇಶ. ಎಲ್ ಪಾಸೊ ಸುತ್ತಿನ ಹೆದ್ದಾರಿಗಳಲ್ಲಿ ಬಾರ್ಡರ್ ಪ್ಯಾಟ್ರೋಲ್‌ನವರ (ಗಡಿ ಕಾವಲು ಪಡೆ) ತಪಾಸಣೆ ಇರುತ್ತೆ. ಅಪ್ಪ-ಅಮ್ಮನ ಪಾಸ್‌ಪೋರ್ಟ್, ವೀಸಾ, ಐ-94 (ದೇಶದೊಳಗೆ ಬಂದ ದಾಖಲೆ) ಮುದ್ರಿತ ಪ್ರತಿ, ನಿಮ್ಮದು ಎಚ್1ಬಿ ಕೆಲಸದ ವೀಸಾ ಆದರೆ ಐ-797 ಅನುಮೋದನೆ ಪತ್ರ, ಗ್ರೀನ್ ಕಾರ್ಡ್ ಆದರೆ ಆ ಕಾರ್ಡೇ, ಇವು ಕಾರಿನಲ್ಲಿರಲಿ. ಫೋನಿನಲ್ಲಿರೋ ಫೋಟೊ ನೆಚ್ಚಬೇಡಿ.

ಒಣಗಾಳಿ

ಇನ್ನೆರಡು ಸೇರಿಸ್ತೀನಿ. ತುರ್ತಿಗೆ: ಸಿಗ್ನಲ್ ಇಲ್ಲದಿದ್ದರೂ ಐಫೋನ್ 14 ಮತ್ತು ಮುಂದಿನವುಗಳಲ್ಲಿ ಉಪಗ್ರಹದ ಮೂಲಕ ಎಸ್‌ಒಎಸ್ ಕಳಿಸಬಹುದು, ಆಕಾಶ ತೆರೆದಿರಬೇಕು ಅಷ್ಟೆ. ಮನೆಯಲ್ಲೇ ಅದರ ಡೆಮೊ ಒಮ್ಮೆ ಮಾಡಿ ನೋಡಿ. ಕಾಲು ಉಳುಕಿದವರನ್ನು ಇಳಿಸೋಕೆ ಜನ ಬರೋದು ಗಂಟೆಗಟ್ಟಲೆ ತಡ ಆಗಬಹುದು. ಆದ್ದರಿಂದ ಪ್ರತಿಯೊಬ್ಬರ ಬ್ಯಾಗಿನಲ್ಲೂ ಒಂದು ಹೆಡ್‌ಲ್ಯಾಂಪ್, ಒಂದು ಸೀಟಿ, ಮತ್ತು ತೆಳ್ಳನೆಯ ತುರ್ತು ಹೊದಿಕೆ ಇರಲಿ. ಸೀಟಿ ಮೂರು ಸಲ ಊದೋದು ಸಹಾಯದ ಗುರುತು, ಮಗನಿಗೂ ಕಲಿಸಿ.

ತುದಿಯಲ್ಲಿ ಏನು ನೋಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳದೆ ಇರೋಕಾಗಲ್ಲ. ನೀವು ಹತ್ತಿದ ಇಡೀ ಬೆಟ್ಟ ಒಂದು ಕಾಲದ ಕಡಲೊಳಗಿನ ದಿಬ್ಬ. ಸುಮಾರು 26 ಕೋಟಿ ವರ್ಷದ ಹಿಂದೆ ಸ್ಪಂಜುಗಳು, ಸುಣ್ಣ ಕಟ್ಟುವ ಪಾಚಿಗಳು ಸೇರಿ ಕಟ್ಟಿದ್ದು. ಮೇಲಿನ ಬೋಳು ಬಂಡೆಯನ್ನು ಬಗ್ಗಿ ನೋಡಿದರೆ ಆ ಜೀವಿಗಳ ಅಚ್ಚು ಬರಿಗಣ್ಣಿಗೇ ಸಿಗುತ್ತೆ. ಮುಟ್ಟಿ ನೋಡಿ, ಕೀಳಬೇಡಿ. ಕಾರ್ಲ್ಸ್‌ಬಾಡ್ ಗುಹೆಗಳಿರೋದೂ ಇದೇ ದಿಬ್ಬದ ಮುಂದುವರಿಕೆಯಲ್ಲಿ. ಮಾರನೇ ದಿನ ಅಮ್ಮನ ಜತೆ ಅಲ್ಲಿಗೆ ಹೋದರೆ ಒಂದೇ ಕಲ್ಲನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡಿದ ಹಾಗೆ. ಅಲ್ಲಿ ಲಿಫ್ಟ್ ಇದೆ, ಮಂಡಿಗೆ ಕಷ್ಟ ಇಲ್ಲ. ತುದಿಯಲ್ಲಿ ಪಶ್ಚಿಮಕ್ಕೆ ಬೆಳ್ಳಗೆ ಹರಡಿರೋದು ಒಣಗಿದ ಉಪ್ಪಿನ ಕೆರೆ. ದಕ್ಷಿಣಕ್ಕೆ ಕಾಲ ಕೆಳಗೆ ಎಲ್ ಕ್ಯಾಪಿಟನ್, ಹೆದ್ದಾರಿಯಿಂದ ಕತ್ತೆತ್ತಿ ನೋಡಿದ್ದ ಅದೇ ಬಂಡೆಯ ನೆತ್ತಿ ಈಗ ನಿಮಗಿಂತ ಕೆಳಗಿರುತ್ತೆ.

ತುದಿಯ ಗುರುತು ಮೂರು ಮುಖದ ಉಕ್ಕಿನ ಪಿರಮಿಡ್, 1958ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನವರು ಬಟರ್‌ಫೀಲ್ಡ್ ಅಂಚೆಯ ನೂರನೇ ವರ್ಷಕ್ಕೆ ನಿಲ್ಲಿಸಿದ್ದು. ಅದರ ಬುಡದಲ್ಲಿ ಲೋಹದ ಪೆಟ್ಟಿಗೆ, ಒಳಗೆ ಹೆಸರು ಬರೆಯುವ ಪುಸ್ತಕ. ಅಪ್ಪ, ಮಗ ಕನ್ನಡದಲ್ಲೇ ಬರೀಲಿ. ಪೆನ್ನು ಚಳಿಗೆ ನಿಲ್ಲಬಹುದು, ಒಂದು ಪೆನ್ಸಿಲ್ ಒಯ್ಯಿರಿ. ಗಾಳಿಗೆ ಬೆನ್ನು ಕೊಟ್ಟು ಕೂತು, ಪುಸ್ತಕವನ್ನು ತೊಡೆಯ ಮೇಲೆ ಒತ್ತಿ ಹಿಡಿದು ಬರೆಯಿರಿ, ಮುಗಿದ ಮೇಲೆ ಪೆಟ್ಟಿಗೆಯ ಮುಚ್ಚಳ ಪೂರ್ತಿ ಕೂತಿದೆಯಾ ಅಂತ ಒತ್ತಿ ನೋಡಿ. ಅರೆಬರೆ ಮುಚ್ಚಿದರೆ ಹಾಳೆಗಳು ಹಾರಿಹೋಗುತ್ತವೆ.